ಚೊಚ್ಚಲ ಕುರಿ ಮತ್ತು ಗಂಧದ ಸಾಬೂನು

ಆ ಮರಿಯ ಯಾವ ಕಿವಿಗೆ ನಾನು ಇಂಕಿನ ಗುರುತು ಹಾಕಿದ್ದೆ ಎಂಬ ವಿಷಯದಲ್ಲಿ ನಾನೂ ನನ್ನ ಹೆಂಡತಿಯೂ ಇಂದಿಗೂ ಒಪ್ಪಿಲ್ಲ. ನಾನು ಎಡಗಿವಿ ಎನ್ನುತ್ತೇನೆ. ಅವಳು ಬಲಗಿವಿ ಎನ್ನುತ್ತಾಳೆ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ಕಾಲೇಜಿನ ಪ್ರಯೋಗಶಾಲೆಯಲ್ಲಿ ‘ಕಂಡದ್ದನ್ನು ಕಂಡ ತಕ್ಷಣ ಬರೆದುಕೊಳ್ಳಿ, ನೆನಪನ್ನು ನಂಬಬೇಡಿ’ ಎಂದು ವಿದ್ಯಾರ್ಥಿಗಳನ್ನು ಗದರುತ್ತಿದ್ದವನು ನಾನು. ಆದರೆ ಆ ಪ್ರವಾಸದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಶ್ರೀರಾಂಪುರಕ್ಕೆ ಬಸ್ಸು ಬಂದ ಸಮಯ ಬರೆದದ್ದೇ ಕೊನೆ. ಮುಂದಿನ ಹಾಳೆಗಳೆಲ್ಲ ಖಾಲಿ. ಆದ್ದರಿಂದ ಈಗ ಬರೆಯುತ್ತಿರುವುದರಲ್ಲಿ ಮುಖ್ಯವಾದದ್ದಕ್ಕೆಲ್ಲ ನನ್ನ ಬಳಿ ಸಾಕ್ಷಿಯಿಲ್ಲ. ಹೆಂಡತಿಯ ತಕರಾರು ಮಾತ್ರ ಇದೆ.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ಮದುವೆಯಾಗಿ ಎರಡು ವರ್ಷ ಕಳೆದಿತ್ತು. ದಸರಾ ರಜೆಯಲ್ಲಿ ಬೆನ್ನಿಗೊಂದೊಂದು ಚೀಲ ಹಾಕಿಕೊಂಡು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿ ಬರೋಣವೆಂದು ಇಬ್ಬರೂ ಹೊರಟಿದ್ದೆವು. ಚೀಲಗಳು ಹಳೆಯ ಮಿಲಿಟರಿ ಸಾಮಾನಿನ ಅಂಗಡಿಯಲ್ಲಿ ಕೊಂಡ ಖಾಕಿ ಕ್ಯಾನ್ವಾಸಿನವು. ಗಂಡಹೆಂಡತಿ ಹಾಗೆ ಹೊರೆ ಹೊತ್ತು ಊರೂರು ನಡೆಯುವುದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಮದಕರಿಪುರದ ಹತ್ತಿರ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನಮ್ಮನ್ನು ನೋಡಿ ಎದ್ದು ನಿಂತರು.

“ಯಾರ್ರೀ ನೀವು? ಕುಟುಂಬ ಯೋಜನೇರಾ?” ಎಂದು ಒಬ್ಬಾಕೆ ಕೂಗಿದಳು.

ಅಲ್ಲವೆಂದೆ.

“ಮತ್ತೆ, ಸಿಡುಬಿಗೆ ಮೈಲಿ ಹಾಕೋರಾ?”

ಅದೂ ಅಲ್ಲ, ಸುಮ್ಮನೆ ಊರು ನೋಡಲು ಬಂದವರು ಎಂದೆ. ಆಕೆ ನಂಬಲಿಲ್ಲ. ಪಕ್ಕದವಳಿಗೆ, “ಸುಮ್ಕೆ ಯಾರಾನ ಅಷ್ಟು ಭಾರ ಹೊತ್ಕಂಡು ತಿರುಗ್ತಾರೇನೇ? ಅತ್ತೆ ಮನ್ಯಾಗೆ ಜಗಳ ಆಡ್ಕಂಡು ಬಂದವ್ರೆ ಕಣೇ,” ಎಂದಳು. ಆಮೇಲೆ ನಮ್ಮ ಕಡೆ ತಿರುಗಿ, “ಆಗ್ಲಿ, ಬರ್ರಿ, ನೆಳ್ಳಾಗೆ ಕುಂತ್ಕಳ್ರಿ, ಮಜ್ಜಿಗೆ ಐತೆ,” ಎಂದು ಕರೆದಳು.

ನನ್ನ ಹೆಂಡತಿ ಆಗಲೇ ಚೀಲದ ಪಟ್ಟಿ ಸಡಿಲಿಸುತ್ತಿದ್ದಳು. ನಾನು ಗಡಿಯಾರ ನೋಡಿದೆ. ಹಿರಿಯೂರಿನ ಬಸ್ಸಿಗೆ ಹೊತ್ತಾಗುತ್ತದೆ ಎಂದೆ. ಮಜ್ಜಿಗೆ ಕುಡಿಯದೆ ನಡೆದೆವು.

ಇಡೀ ಪ್ರವಾಸವನ್ನು ನಾನು ಹೀಗೇ ನಡೆಸಿದ್ದೆ. ಚಿತ್ರದುರ್ಗದ ಕೋಟೆಯನ್ನು ಒಂದು ಬೆಳಗಿನಲ್ಲಿ ಹತ್ತಿಸಿ ಇಳಿಸಿದ್ದೆ. ಮೇಲೆ ಬಂಡೆಗಳ ನಡುವೆ ನಿಂತಾಗ, ಒಂದರ ಮೇಲೊಂದು ಯಾರೋ ಮರೆತು ಹೋದಂತೆ ಕುಳಿತಿದ್ದ ಆ ಕಲ್ಲುಗಳನ್ನು ನೋಡುತ್ತ ಹೆಂಡತಿ ಮಾತು ಮರೆತಿದ್ದಳು. ನಾನು ‘ಇನ್ನು ನಾಲ್ಕು ಸುತ್ತು ಬಾಕಿ’ ಎಂದಿದ್ದೆ. ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ಆಕಾಶದಷ್ಟು ನೀರು ನಿಂತಿತ್ತು. ಅಲ್ಲಿ ಕಳೆದದ್ದು ಇಪ್ಪತ್ತು ನಿಮಿಷ. ಇದು ಪುಸ್ತಕದಲ್ಲಿ ಬರೆದಿದೆ, ಇದರಲ್ಲಿ ಸಂಶಯವಿಲ್ಲ.

ಜವನಗೊಂಡನಹಳ್ಳಿಯ ಚಹದಂಗಡಿಯ ಬೆಂಚಿನ ಮೇಲೆ ಅವಳು ಲೋಟ ಕೆಳಗಿಟ್ಟು ಹೇಳಿದಳು: “ನಾವು ಊರು ನೋಡ್ತಾ ಇಲ್ಲ. ಬಸ್ಸಿನ ಬೋರ್ಡು ನೋಡ್ತಾ ಇದ್ದೀವಿ. ಇಷ್ಟು ದಿನದಲ್ಲಿ ಒಬ್ಬರ ಮುಖವಾದರೂ ನೆನಪಿದೆಯಾ ನಿಮಗೆ?”

ನಾನು ನೆನಪಿಸಿಕೊಳ್ಳಲು ನೋಡಿದೆ. ಕಂಡಕ್ಟರ್ ಒಬ್ಬನ ಮೀಸೆ ಮಾತ್ರ ಬಂತು.

ಬಸ್ಸು ಬದಲಿಸುತ್ತ ನಾವು ಶ್ರೀರಾಂಪುರ ಸೇರಿದಾಗ ಮಧ್ಯಾಹ್ನ ಇಳಿದಿತ್ತು. ಹೊಸದುರ್ಗದ ಬಸ್ಸು ಕೆಟ್ಟು ನಿಂತಿದೆ, ನಾಳೆಯೇ ಸೈ ಎಂದರು. ಕಾಯುವುದು ನನಗೆ ಒಗ್ಗದ ಕೆಲಸ. ನಡೆದೇ ಹೋಗೋಣ, ದಾರಿಯಲ್ಲಿ ಲಾರಿ ಸಿಗಬಹುದು ಎಂದು ಹೊರಟೆವು. ಲಾರಿ ಸಿಗಲಿಲ್ಲ. ಸ್ವಲ್ಪ ದೂರದಲ್ಲಿ, ರಸ್ತೆಗೆ ತಾಗಿ, ಶೇಂಗಾ ಕಿತ್ತ ಹೊಲವೊಂದರಲ್ಲಿ ಮುಳ್ಳಿನ ಬೇಲಿ ಕಟ್ಟಿ ಕುರಿಗಳಿಗೆ ರೊಪ್ಪ ಮಾಡಿದ್ದರು. ಗೊಬ್ಬರಕ್ಕಾಗಿ ಕುರಿ ಮಂದೆಯನ್ನು ಹೊಲದಲ್ಲಿ ಕೆಲವು ದಿನ ತಂಗಿಸುವುದು ಆ ಕಡೆಯ ವಾಡಿಕೆ. ಬೇಲಿಯ ಹೊರಗೆ ಒಂದು ಕತ್ತೆ, ಮೂರು ಕಲ್ಲಿನ ಒಲೆ, ಒಲೆಯ ಮುಂದೆ ಕೈಯಲ್ಲಿ ಉಣ್ಣೆ ನೂಲುತ್ತ ಒಬ್ಬ ಹೆಂಗಸು. ನಲವತ್ತೈದರ ಆಸುಪಾಸು, ಹಣೆಯ ತುಂಬ ಕುಂಕುಮ.

ಆಕೆ ನಮ್ಮನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಬೆನ್ನಿನ ಚೀಲಗಳನ್ನು ಇನ್ನೊಮ್ಮೆ ನೋಡಿದಳು.

“ನೀವೂ ನಮ್ಮಂಗೇ ಅನ್ನು. ಗಂಡ ಹೆಂಡ್ತಿ, ಮನೆ ಮಾರು ಬಿಟ್ಟು ತಿರುಗಾಟ,” ಎಂದಳು. “ಆದ್ರೆ ನಮ್ಮ ಗಂಟು ಕತ್ತೆ ಮ್ಯಾಲೆ ಐತೆ. ನಿಮ್ದು ನಿಮ್ಮ ಮ್ಯಾಲೇ ಐತೆ.”

ನನ್ನ ಹೆಂಡತಿ ನಕ್ಕ ನಗು ಆ ವಾರದಲ್ಲಿ ನಾನು ಕೇಳಿದ ಮೊದಲ ನಗು. ಅವಳು ನನ್ನನ್ನು ಕೇಳದೆ ಚೀಲ ಇಳಿಸಿ ಕುಳಿತುಬಿಟ್ಟಳು.

ಹೊತ್ತು ಮುಳುಗುವ ಮುಂಚೆ ಮಂದೆ ಬಂತು. ಮೇಯಲು ಹೋದ ತಾಯಿಕುರಿಗಳನ್ನು ಆಕೆಯ ಗಂಡ ಹೊಡೆದುಕೊಂಡು ಬರುತ್ತಿದ್ದ. ಸಣಕಲು ಆಳು, ಹೆಗಲ ಮೇಲೆ ಕಪ್ಪು ಕಂಬಳಿ. ಮರಿಗಳು ದಿನವಿಡೀ ರೊಪ್ಪದಲ್ಲೇ ಇದ್ದವು. ಸ್ವಲ್ಪ ಬಲಿತವು ಬೇಲಿಯೊಳಗೆ, ತೀರ ಎಳೆಯವು ಕವುಚಿದ ಬಿದಿರು ಬುಟ್ಟಿಗಳ ಕೆಳಗೆ. ದೂರದಿಂದ ಧೂಳು ಕಂಡದ್ದೇ ಮರಿಗಳು ಕೂಗಲು ಶುರುಮಾಡಿದವು. ಆ ಕಡೆಯಿಂದ ತಾಯಿಗಳು ಉತ್ತರ ಕೊಟ್ಟವು. ನೂರಾರು ಗಂಟಲು ಒಟ್ಟಿಗೆ. ಪಕ್ಕದಲ್ಲಿ ನಿಂತ ಹೆಂಡತಿಯ ಮಾತು ನನಗೆ ಕೇಳಿಸಲಿಲ್ಲ. ಕುರಿಗಾಹಿಯ ಹೆಂಡತಿ ಮುಳ್ಳಿನ ಕಂಟಿಯನ್ನು ಪಕ್ಕಕ್ಕೆ ಎಳೆದು ಬುಟ್ಟಿಗಳನ್ನು ಒಂದೊಂದಾಗಿ ಎತ್ತಿದಳು.

ಎರಡು ಪ್ರವಾಹ ಒಂದಕ್ಕೊಂದು ಡಿಕ್ಕಿ ಹೊಡೆದಂತೆ ತಾಯಿಗಳೂ ಮರಿಗಳೂ ಒಂದರೊಳಗೊಂದು ನುಗ್ಗಿದವು. ಮರಿಯೊಂದು ಹತ್ತು ತಾಯಿಗಳ ಹೊಟ್ಟೆಯ ಕೆಳಗಿಂದ ತೂರಿಕೊಂಡು ಓಡುತ್ತಿತ್ತು, ಒಂದಕ್ಕೂ ನಿಲ್ಲದೆ. ತಾಯಿಯೊಂದು ಸುತ್ತ ಮುತ್ತಿದ ಮರಿಗಳನ್ನು ಮೂಸಿ ಮೂಸಿ ತಳ್ಳುತ್ತಿತ್ತು. ಒಂದು ಲೋಟ ಚಹ ಕುಡಿಯುವಷ್ಟು ಹೊತ್ತು ಈ ಗದ್ದಲ. ಆಮೇಲೆ ಇದ್ದಕ್ಕಿದ್ದಂತೆ ಸದ್ದು ನಿಂತಿತು. ಪೂರ್ತಿ ನಿಂತಿತು. ದೂರದ ಬಾವಿಯ ಪಂಪಿನ ಟಕಟಕ ಕೇಳಿಸುವಷ್ಟು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು: ಎಲ್ಲ ಮರಿಗಳ ಬಾಯಿಗೂ ತಮ್ಮ ತಮ್ಮ ತಾಯಿಯ ಮೊಲೆ ಸಿಕ್ಕಿತ್ತು. ಸಣ್ಣ ಸಣ್ಣ ಬಾಲಗಳಷ್ಟೇ ಅಲ್ಲಾಡುತ್ತಿದ್ದವು.

ಕೋಟೆಯ ಮೇಲೆ, ಕಣಿವೆಯ ನೀರಿನ ಮುಂದೆ ಆಗದಿದ್ದದ್ದು ನನಗೆ ಆ ಹೊಲದಲ್ಲಿ ಆಯಿತು. ಗಡಿಯಾರ ನೋಡುವುದನ್ನು ಮರೆತೆ. ನನ್ನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ನಾನೇ ಅವಳ ತೋಳು ಹಿಡಿದದ್ದೆಂದು ಅವಳು ಹೇಳುತ್ತಾಳೆ.

“ತಪ್ಪಿ ಬೇರೆ ತಾಯಿಯ ಹತ್ತಿರ ಹೋಗುವುದಿಲ್ಲವೆ?” ಎಂದು ಕುರಿಗಾಹಿಯನ್ನು ಕೇಳಿದೆ.

“ನೀವು ಸಂಜಿಕೆ ತಪ್ಪಿ ಪಕ್ಕದ ಮನೆಗೆ ಹೋಗ್ತೀರೇನ್ರಿ?” ಎಂದ.

ಆ ರಾತ್ರಿ ಹೊಲದವರ ಪಂಪಿನ ಕೋಣೆಯಲ್ಲಿ ನಮಗೆ ಮಲಗಲು ಜಾಗವಾಯಿತು. ಹುರುಳಿ ಸಾರು, ಮುದ್ದೆ. ಹೆಂಡತಿ ತೃಪ್ತಿಯಿಂದ ನಿದ್ದೆ ಹೋದಳು. ನಾನು ಯೋಚಿಸುತ್ತ ಮಲಗಿದ್ದೆ. ಬೆರಗನ್ನು ನಾನು ಬಹಳ ಹೊತ್ತು ಸಹಿಸಲಾರೆ. ಅದನ್ನು ಒಂದು ಪ್ರಶ್ನೆಯಾಗಿ ಮಾಡಿಕೊಳ್ಳದೆ ನೆಮ್ಮದಿ ಇಲ್ಲ. ತಾಯಿ ಮರಿಯನ್ನೇ ಗುರುತಿಸುತ್ತದೆಂದು ಏನು ಖಾತ್ರಿ? ತಾನು ಬೆಳಿಗ್ಗೆ ಬಿಟ್ಟುಹೋದ ಜಾಗವನ್ನು ಗುರುತಿಸುತ್ತಿರಬಹುದಲ್ಲ? ಮರಿಯ ಬುಟ್ಟಿ ಬದಲಿಸಿ ನೋಡಿದರೆ ತಿಳಿಯುತ್ತದೆ.

ಬೆಳಿಗ್ಗೆ ನೋಡಿದರೆ ಬಸ್ಸಿನ ದುರಸ್ತಿ ಇನ್ನೂ ಮುಗಿದಿರಲಿಲ್ಲ. ಕುರಿಗಾಹಿ ಮಂದೆಯೊಂದಿಗೆ ಹೋದ. ಹೆಂಗಸರಿಬ್ಬರೂ ಸೌದೆಗೆಂದು ಹೊರಟರು. ನಾನು ಪಂಪಿನ ತೊಟ್ಟಿಯಲ್ಲಿ ಗಂಧದ ಸಾಬೂನು ಹಚ್ಚಿ ಚೆನ್ನಾಗಿ ಮಿಂದು, ತಲೆಗೆ ಪರಿಮಳದ ಎಣ್ಣೆ ಹಾಕಿ, ರೊಪ್ಪದ ಒಳಗೆ ಹೋದೆ. ಮೂಲೆಯ ಬುಟ್ಟಿಯ ಕೆಳಗೆ ಹಿಂದಿನ ದಿನ ಹುಟ್ಟಿದ ಮರಿ ಇತ್ತು. ಬಿಳಿ ಮೈ, ಕಂದು ತಲೆ, ನಿಲ್ಲಲು ಇನ್ನೂ ಕಲಿಯುತ್ತಿದ್ದ ಕಾಲು. ಅದನ್ನು ನನ್ನ ಒದ್ದೆ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಮೈಮೇಲೆ ಒಣಗಿ ಅಂಟಿದ್ದ ಕೊಳೆ ಕಂಡು, ಪಾಪವೆಂದು, ತಿಕ್ಕಿ ಒರೆಸಿದೆ. ಫೌಂಟನ್ ಪೆನ್ನಿನಿಂದ ಕಿವಿಯ ಒಳಗೆ ಒಂದು ನೀಲಿ ಗೀಟು ಎಳೆದು ದೂರದ ಖಾಲಿ ಬುಟ್ಟಿಯ ಕೆಳಗೆ ಇಟ್ಟೆ. ಪುಸ್ತಕದಲ್ಲಿ ಫಲಿತಾಂಶಕ್ಕೆ ಜಾಗ ಬಿಡಬೇಕೆಂದುಕೊಂಡೆ.

ಸಂಜೆ ಮತ್ತೆ ಅದೇ ಗದ್ದಲ, ಅದೇ ಮೌನ. ಆದರೆ ಈ ಸಲ ಮೌನ ಪೂರ್ತಿ ಆಗಲಿಲ್ಲ. ಒಂದು ಕುರಿ ಕೂಗುತ್ತಲೇ ಇತ್ತು. ಒಂದು ಮರಿ ಕೂಗುತ್ತಲೇ ಇತ್ತು. ಎರಡೂ ಎದುರು ಬದುರು ನಿಂತಿದ್ದವು. ಮರಿ ಹೊಸ ಬುಟ್ಟಿಯಿಂದ ನೇರವಾಗಿ ತಾಯಿಯ ಹತ್ತಿರವೇ ಬಂದಿತ್ತು. ತಾಯಿ ಬಗ್ಗಿ ಅದರ ಬಾಲದ ಬುಡ ಮೂಸಿತು, ತಲೆ ಮೂಸಿತು, ಹಿಂದಕ್ಕೆ ಸರಿದು ಹಣೆಯಿಂದ ಗುದ್ದಿತು. ಮರಿ ಮಣ್ಣಿನಲ್ಲಿ ಉರುಳಿತು, ಎದ್ದು ಮತ್ತೆ ಹೋಯಿತು. ಮತ್ತೆ ಗುದ್ದು. ಆಮೇಲೆ ಆ ಕುರಿ ತನ್ನ ಮುಂದೆಯೇ ನಿಂತಿದ್ದ ಮರಿಯ ಮೇಲಿಂದ ಕತ್ತು ಚಾಚಿ, ರೊಪ್ಪದ ಮೂಲೆಮೂಲೆಗೆ, ತನ್ನ ಮರಿಯನ್ನು ಕೂಗಿ ಹುಡುಕತೊಡಗಿತು.

ಕುರಿಗಾಹಿ ಮರಿಯನ್ನೆತ್ತಿ ಮೂಗಿಗೆ ಹಿಡಿದ. “ಏ ಇವ್ಳೇ, ಬಾ ಇಲ್ಲಿ. ಇದು ಮದುವಣಗಿತ್ತಿ ವಾಸ್ನೆ ಹೊಡೀತೈತೆ!”

ಆಕೆಯೂ ಮೂಸಿದಳು. ನಗಲಿಲ್ಲ. ಇಬ್ಬರೂ ನನ್ನ ಕಡೆ ನೋಡಿದರು. ನಾನು ಹೇಳಿದೆ. ಬುಟ್ಟಿ ಬದಲಿಸಿದ್ದು, ಒರೆಸಿದ್ದು, ಗೀಟು ಎಳೆದದ್ದು.

“ಯಾಕ್ರೀ?” ಎಂದಳು ಆಕೆ. ಅಷ್ಟೇ. ನಾನು ಕಾಲೇಜಿನ ಮೇಷ್ಟ್ರು, ಇದೊಂದು ಪರೀಕ್ಷೆ ಎಂದೆ.

“ಮೇಷ್ಟ್ರು ಪರೀಕ್ಷೆ ಮಾಡಿದ್ರಂತೆ,” ಎಂದ ಕುರಿಗಾಹಿ. “ಕುರಿ ಪಾಸಾತು. ಮರೀನೂ ಪಾಸಾತು. ಫೇಲಾದೋರು ಯಾರು ಅಂತ ನೀವೇ ಹೇಳ್ರಿ.”

ಆಮೇಲೆ ವಿಷಯ ತಿಳಿಯಿತು. ಆ ಕುರಿ ಅವನದಲ್ಲ, ಅವನ ಹೆಂಡತಿಯದು. ಮದುವೆಯಲ್ಲಿ ತವರಿನವರು ಬಳುವಳಿಯಾಗಿ ಒಂದು ಹೆಣ್ಣು ಕುರಿ ಕೊಟ್ಟಿದ್ದರು. ಗಂಡನ ಮಂದೆಯಲ್ಲಿ ಎಷ್ಟೇ ಬೆರೆತರೂ ಆ ಕುರಿಯ ಸಂತತಿ ಆಕೆಯದೇ. ರೋಗ ರುಜಿನ ಕಳೆದು ಈಗ ಆ ಬಳ್ಳಿಯಲ್ಲಿ ಉಳಿದಿದ್ದದ್ದು ಇದೊಂದೇ ಕುರಿ. ಇದು ಅದರ ಚೊಚ್ಚಲು. ಹುಟ್ಟಿದ್ದು ಹೆಣ್ಣು ಮರಿ. ಚೊಚ್ಚಲ ಕುರಿಗೆ ಇನ್ನೂ ತಾಯ್ತನ ಗಟ್ಟಿಯಾಗಿರುವುದಿಲ್ಲ, ವಾಸನೆ ಕೆಟ್ಟರೆ ಮರಿಯನ್ನು ಬಿಟ್ಟುಬಿಡುತ್ತದೆ. ಮಂದೆ ಇನ್ನು ನಾಲ್ಕು ದಿನಕ್ಕೆ ಇಲ್ಲಿಂದ ಎದ್ದು ಹೊಸದುರ್ಗದ ಮೇಲೆ ಹೊಳಲ್ಕೆರೆಯ ಕಡೆ ಹೋಗಬೇಕು.

“ನಡಿಯೋ ಮಂದ್ಯಾಗೆ ತಾಯಿ ಒಪ್ಪದ ಮರಿ ಉಳಿಯಲ್ರಿ,” ಎಂದ ಕುರಿಗಾಹಿ, ಈ ಸಲ ಮೆತ್ತಗೆ.

ನನ್ನ ಹೆಂಡತಿ ನನ್ನನ್ನು ಬೈಯಲಿಲ್ಲ. ಅವಳು ಆ ಹೆಂಗಸಿನ ಪಕ್ಕ ಹೋಗಿ ಕುಳಿತಳು. ಆ ಹೊತ್ತಿನಲ್ಲಿ ಅವಳು ಯಾರ ಕಡೆಯವಳೆಂದು ತಿಳಿಯಲು ನನಗೆ ಪ್ರಯೋಗ ಬೇಕಾಗಲಿಲ್ಲ.

“ಏನು ಮಾಡಬೇಕು?” ಎಂದು ಕೇಳಿದೆ.

“ವಾಸ್ನೆ ಹಚ್ಚಿದೋರೇ ಬಿಡಿಸ್ಬೇಕು,” ಎಂದಳು ಆಕೆ. “ಇನ್ನ ಸಾಬೂನು ಮುಟ್ಟಬ್ಯಾಡ್ರಿ. ಮೈ ತೊಳ್ಕಳಾದೂ ಬ್ಯಾಡ. ಈ ಕಂಬಳಿ ಹೊದ್ಕಳ್ರಿ. ಮರಿ ಮಡ್ಲಾಗೆ ಇಟ್ಕಂಡು ಕುಂತ್ಕಳ್ರಿ. ಎದ್ದು ಅಲ್ಲಿಲ್ಲಿ ಹೋಗಂಗಿಲ್ಲ.”

ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ನ್ಯಾಯಾಧೀಶನೂ ಹುಡುಕಲಾರ. ಕುರಿಗಾಹಿ ತನ್ನ ಹಳೆಯ ಕಂಬಳಿಯನ್ನು ನನ್ನ ತಲೆಯ ಮೇಲಿಂದ ಹೊದಿಸಿದ. ಅದರಲ್ಲಿ ಮಳೆ, ಹೊಗೆ, ಹಿಕ್ಕೆ, ಎಷ್ಟೋ ವರ್ಷಗಳ ಕುರಿಗಳೆಲ್ಲ ಇದ್ದವು. ಮರಿಯ ಮೈಗೆ ರೊಪ್ಪದ ಒದ್ದೆ ಮಣ್ಣು ಸವರಿದರು. ತಾಯಿಯ ಕೆಚ್ಚಲಿನಿಂದಲೇ ಹಾಲು ಹಿಂಡಿ ತಲೆಗೂ ಬಾಲಕ್ಕೂ ಹಚ್ಚಿ ಮೇಲೆ ಉಪ್ಪು ಉದುರಿಸಿದರು. ತಾಯಿಯನ್ನು ನನ್ನಿಂದ ಎರಡು ಮಾರು ದೂರದ ಗೂಟಕ್ಕೆ ಕಟ್ಟಿದರು. ದಿನಕ್ಕೆ ನಾಲ್ಕೈದು ಸಲ ನನ್ನ ಹೆಂಡತಿ ಕುರಿಯ ತಲೆ ಹಿಡಿಯಬೇಕು, ಆ ಹೆಂಗಸು ಹಿಂಗಾಲು ಹಿಡಿಯಬೇಕು, ನಾನು ಮರಿಯ ಬಾಯನ್ನು ಮೊಲೆಗೆ ಇಡಬೇಕು. ಬಲವಂತದ ಹಾಲು. ಕೈಬಿಟ್ಟ ಕೂಡಲೇ ಕುರಿ ಗುದ್ದುತ್ತಿತ್ತು, ಮರಿಗೆ ತಪ್ಪಿದರೆ ನನ್ನ ಮೊಣಕಾಲಿಗೆ.

ಮಾರನೆಯ ದಿನ ಬೆಳಿಗ್ಗೆ ದುರಸ್ತಿಯಾದ ಹೊಸದುರ್ಗದ ಬಸ್ಸು ನಮ್ಮ ಮುಂದೆಯೇ ಹೋಯಿತು. ಕಂಬಳಿಯೊಳಗೆ ಕುಳಿತ ನನ್ನನ್ನು ಕಂಡು ಕಂಡಕ್ಟರ್ ಬಾಗಿಲಲ್ಲಿ ಜೋತು, “ಬರ್ತೀರೇನಜ್ಜಾ?” ಎಂದು ಕೂಗಿದ. ನನಗಾಗ ಇಪ್ಪತ್ತೊಂಬತ್ತು ವರ್ಷ. ಎರಡನೆಯ ದಿನ ಅವನಿಗೆ ಯಾರೋ ಕಥೆ ಹೇಳಿರಬೇಕು. “ಏನ್ರೀ ಮೇಷ್ಟ್ರೇ, ಬಾಣಂತನ ಮುಗೀತಾ?” ಎಂದ. ಬಸ್ಸಿನ ಕಿಟಕಿಗಳೆಲ್ಲ ನಕ್ಕವು. ಮೂರನೆಯ ದಿನ ಅವನು ನಿಧಾನಿಸಿ ಏನೂ ತಮಾಷೆ ಮಾಡದೆ, “ಒಪ್ತಾ?” ಎಂದಷ್ಟೇ ಕೇಳಿದ. ಇಲ್ಲವೆಂದು ತಲೆಯಾಡಿಸಿದೆ. ಅವನೂ ತಲೆಯಾಡಿಸಿದ. ಬಸ್ಸು ಹೋಯಿತು.

ಆ ಮೂರು ದಿನ ನಾನು ಒಂದೇ ಕಡೆ ಕುಳಿತಿದ್ದೆ. ಮೊದಲ ದಿನ ಗಡಿಯಾರ ನೋಡುತ್ತಿದ್ದೆ. ಎರಡನೆಯ ದಿನ ಅದಕ್ಕೆ ಕೀಲಿ ಕೊಡುವುದನ್ನು ಮರೆತೆ, ಅದು ನಿಂತಿತು. ಹೆಂಡತಿ ಆ ಹೆಂಗಸಿನಿಂದ ನೂಲಲು ಕಲಿಯುತ್ತಿದ್ದಳು. ದಾರ ತುಂಡಾದಾಗಲೆಲ್ಲ ಆಕೆ, “ಓದಿದೋರ ಕೈಗೆ ಉಣ್ಣೆನೂ ಹೆದ್ರುತೈತೆ,” ಎನ್ನುತ್ತಿದ್ದಳು. ಅವರಿಬ್ಬರ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ನಮಗೆ ಮಕ್ಕಳಿಲ್ಲದ ಸಂಗತಿಯನ್ನು ನನ್ನ ಹೆಂಡತಿ ತನ್ನ ಅಕ್ಕನಿಗೂ ಹೇಳಿಕೊಳ್ಳದಷ್ಟು ಬಿಚ್ಚಿ ಆಕೆಗೆ ಹೇಳುವುದು ನನಗೆ ಕೇಳಿಸಿತು. ಆಕೆ ಸಮಾಧಾನ ಹೇಳಲಿಲ್ಲ. ತನ್ನ ತವರು, ಕುರಿ ಕೊಟ್ಟ ಅಪ್ಪ, ಅವನು ಸತ್ತ ಮೇಲೆ ಆ ಮನೆಗೆ ಹೋಗುವುದೇ ನಿಂತದ್ದು, ಇದನ್ನೆಲ್ಲ ಹೇಳಿದಳು. “ಈಗ ನಂಗೆ ತವ್ರು ಅಂದ್ರೆ ಇದೇಯ,” ಎಂದು ಗೂಟದ ಕುರಿಯ ಕಡೆ ಗದ್ದ ತೋರಿಸಿದಳು. ನಾನು ಮರಿಯನ್ನು ಕಂಬಳಿಯೊಳಗೆ ಇನ್ನಷ್ಟು ಒತ್ತಿಕೊಂಡೆ. ಅದರ ಎದೆ ನನ್ನ ಅಂಗೈಯಲ್ಲಿ, ಮುಚ್ಚಿ ಹಿಡಿದ ಗುಬ್ಬಿಯಂತೆ, ಅಷ್ಟು ವೇಗವಾಗಿ ಬಡಿಯುತ್ತಿತ್ತು.

ಸಂಜೆ ಕುರಿಗಾಹಿ ನನ್ನ ಪಕ್ಕ ಕುಳಿತು ಮುಖಗಳನ್ನು ತೋರಿಸಿಕೊಡುತ್ತಿದ್ದ. “ಅಗಾ, ಆ ಮುರುಕು ಕೊಂಬಿಂದು ಜಗಳಗಂಟಿ. ಅದರ ಪಕ್ಕದ್ದು ಅದರ ತಂಗಿ, ಪಾಪದ್ದು. ಆ ಕೊಂಬಿಲ್ಲದ ಬೋಳಿ ಐತಲ್ಲ, ಮುಂದೆ ನಡಿಯೋದು ಅಂದ್ರೆ ಅದೇ ಮುಂದೆ. ನಿಮ್ಮಂಗೆ.” ಮೊದಲು ನನಗೆ ಎಲ್ಲವೂ ಒಂದೇ ಕುರಿಯ ನಕಲುಗಳಾಗಿ ಕಾಣುತ್ತಿದ್ದವು. ಮೂರನೆಯ ಸಂಜೆ ಹೊತ್ತಿಗೆ, ಸ್ವಲ್ಪ ಹೊತ್ತು, ಒಂದು ಬೀದಿಯ ಜನ ಮನೆಗೆ ಬರುತ್ತಿರುವಂತೆ ಕಂಡವು. ಒಬ್ಬೊಬ್ಬರಿಗೂ ಒಂದೊಂದು ಮುಖ. ನಾನು ಕದಲದೆ ನೋಡಿದೆ, ಅಲ್ಲಾಡಿದರೆ ಹೋಗಿಬಿಡುತ್ತದೇನೋ ಎಂದು. ಅದು ನಿಜವಾಗಿ ಕಂಡಿತೋ, ಕಾಣಬೇಕೆಂಬ ಆಸೆಗೆ ಕಂಡಿತೋ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ನಾಲ್ಕನೆಯ ದಿನ ಮಂದೆ ಎದ್ದಿತು. ಕುರಿ ಇನ್ನೂ ಒಪ್ಪಿರಲಿಲ್ಲ. ಗುದ್ದುವುದು ಕಡಿಮೆಯಾಗಿತ್ತು, ಮೂಸಿ ಮುಖ ತಿರುಗಿಸುತ್ತಿತ್ತು. ಎಳೆಯ ಮರಿಗಳನ್ನೆಲ್ಲ ಜಾಲರಿ ಚೀಲದಲ್ಲಿ ಹಾಕಿ ಕತ್ತೆಯ ಎರಡೂ ಪಕ್ಕ ಇಳಿಬಿಟ್ಟರು. ಈ ಮರಿಯನ್ನು ಅಲ್ಲಿ ಹಾಕುವಂತಿರಲಿಲ್ಲ, ಬೇರೆ ಮರಿಗಳ ವಾಸನೆ ಹತ್ತಿದರೆ ಇಷ್ಟು ದಿನದ ಕೆಲಸ ವ್ಯರ್ಥ. ಕುರಿಗಾಹಿ ನನ್ನ ಮುಖ ನೋಡಲಿಲ್ಲ. “ನಿಮ್ಮ ಬಸ್ಸು ಬರೋ ಹೊತ್ತು,” ಎಂದ.

ನಾನು ನನ್ನ ಚೀಲವನ್ನು ನೆಲಕ್ಕೆ ಸುರಿದೆ. ಬಟ್ಟೆ, ನಕಾಶೆ, ಪುಸ್ತಕ ಎಲ್ಲವನ್ನೂ ಗಂಟು ಕಟ್ಟಿ ಕತ್ತೆಯ ಮೇಲೆ ಹಾಕಿದೆ. ಸಾಬೂನನ್ನು ರಸ್ತೆಯ ಆಚೆ ಎಸೆದೆ. ಚೀಲದ ತಳಕ್ಕೆ ಕಂಬಳಿಯ ತುಂಡು ಹಾಸಿ ಮರಿಯನ್ನು ಒಳಗಿಟ್ಟು, ತಲೆ ಮಾತ್ರ ಹೊರಗಿರುವಂತೆ ಪಟ್ಟಿ ಬಿಗಿದು ಬೆನ್ನಿಗೆ ಹಾಕಿಕೊಂಡೆ.

“ಹೋಗಾಣ,” ಎಂದೆ. ಅವರ ಮಾತು ನನ್ನ ಬಾಯಲ್ಲಿ ತಾನಾಗಿ ಬಂತು.

ಕುರಿಗಾಹಿಯ ಹೆಂಡತಿ ನನ್ನ ಹೆಂಡತಿಗೆ, “ಈಗ ನೋಡು, ಕತ್ತೆ ಎಲ್ಡಾದ್ವು,” ಎಂದಳು.

ಕುರಿಯ ವೇಗದಲ್ಲಿ ನಡೆಯುವುದು ನಡಿಗೆಯೇ ಅಲ್ಲವೆಂದು ಮೊದಲು ಅನಿಸಿತು. ಹತ್ತು ಹೆಜ್ಜೆಗೆ ಒಂದು ಪೊದೆ. ರಸ್ತೆಯ ಕಲ್ಲುಗಳು, ಬದುವಿನ ತಂಗಡಿ ಹೂವು, ದೂರದ ಗುಡ್ಡ ಬೆಳಗಿನಿಂದ ಮಧ್ಯಾಹ್ನದವರೆಗೆ ಬಣ್ಣ ಬದಲಿಸಿದ್ದು, ಎಲ್ಲವನ್ನೂ ನೋಡಲು ಬೇಕಾದಷ್ಟು ಸಮಯವಿತ್ತು. ಊರು ಬಂದರೆ ಜನ ಬಂದು ಚೀಲದೊಳಗಿನ ತಲೆ ನೋಡಿ ನಗುತ್ತಿದ್ದರು, ನೀರು ಕೊಡುತ್ತಿದ್ದರು. ಈ ಸಲ ಮಜ್ಜಿಗೆ ಕುಡಿದೆ. ಎರಡು ಸಲ ಕೇಳಿ ಹಾಕಿಸಿಕೊಂಡೆ.

ಮಧ್ಯಾಹ್ನದ ಮೇಲೆ ನನ್ನ ಹೆಂಡತಿ ಹಿಂದಿನಿಂದ ಮೆಲ್ಲಗೆ, “ತಿರುಗಿ ನೋಡಬೇಡಿ. ನಡೀತಾ ಇರಿ,” ಎಂದಳು.

ನನ್ನ ಬೆನ್ನಿಗೆ ಏನೋ ತಾಗಿದಂತಾಯಿತು. ಚೀಲಕ್ಕೆ ಬಿಸಿಯುಸಿರು. ಮಂದೆಯಲ್ಲಿ ಎಲ್ಲೋ ಇರಬೇಕಾದ ಚೊಚ್ಚಲ ಕುರಿ ನನ್ನ ಹಿಮ್ಮಡಿಗೆ ಅಂಟಿಕೊಂಡು ಬರುತ್ತಿತ್ತು. ನಾನು ನಿಂತರೆ ನಿಲ್ಲುತ್ತಿತ್ತು. ಕುರಿಗಾಹಿ ರಸ್ತೆಯ ಆ ಬದಿಯಿಂದ ನೋಡಿದವನು, ಏನೂ ಕಾಣದವನಂತೆ ಮುಂದೆ ಹೋದ.

ಹೊಸದುರ್ಗ ಇನ್ನೂ ದೂರವಿತ್ತು. ಒಂದು ಸಣ್ಣ ಕಟ್ಟೆಯ ನೀರಿಗೆ ಮಂದೆ ಇಳಿಯಿತು. ನಾನು ಹೊಂಗೆಯ ಕೆಳಗೆ ಚೀಲ ಇಳಿಸಿ ಪಟ್ಟಿ ಬಿಚ್ಚಿದೆ. ಮರಿ ಹೊರಗೆ ಬಿದ್ದು, ಜೋಮು ಹಿಡಿದ ಕಾಲುಗಳ ಮೇಲೆ ನಿಂತಿತು. ಕುರಿ ಬಂತು. ಯಾರೂ ಅದರ ತಲೆ ಹಿಡಿದಿರಲಿಲ್ಲ. ಅದು ಮರಿಯ ತಲೆ ಮೂಸಿತು. ಬೆನ್ನಗುಂಟ ಮೂಸುತ್ತ ಹೋಗಿ ಬಾಲದ ಬುಡದಲ್ಲಿ ನಿಂತಿತು. ನಾನು ಗುದ್ದಿಗೆ ಕಾಯುತ್ತಿದ್ದೆ. ಆಗ ಅದರ ಗಂಟಲಿನ ತಳದಿಂದ, ಬಾಯಿ ತೆರೆಯದೆಯೇ, ಒಂದು ಸಣ್ಣ ಗುಡುಗು ಹೊರಟಿತು. ನಾನು ಈ ನಾಲ್ಕೈದು ದಿನದಲ್ಲಿ ಬೇರೆ ತಾಯಿಗಳಿಂದ ಅದನ್ನು ಕೇಳಿದ್ದೆ. ತನ್ನ ಮರಿಯೊಂದಿಗೆ ಮಾತ್ರ ಕುರಿ ಆಡುವ ಮಾತು. ಮರಿ ಮೊಣಕಾಲೂರಿ ಕೆಚ್ಚಲಿಗೆ ಗುದ್ದಿತು. ಬಾಲ ಅಲ್ಲಾಡಿತು.

ಕುರಿಗಾಹಿಯ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನೀರಿನ ಕಡೆ ತಿರುಗಿದಳು. ನನ್ನ ಹೆಂಡತಿ ಬಹಿರಂಗವಾಗಿಯೇ ಅತ್ತಳು. ನನಗೆ ಆ ಕಟ್ಟೆ, ಹೊಂಗೆ, ಆ ಬಾಲ, ಎಲ್ಲವೂ ಈಗ ತಾನೇ ಮೊದಲ ಬಾರಿಗೆ ಲೋಕದಲ್ಲಿ ಆಗುತ್ತಿರುವಂತೆ ಕಂಡಿತು. ಕೊನೆಗೆ ಕುರಿಗಾಹಿ ಕೆಮ್ಮಿ, “ಹೂಂ, ಆತು. ಇನ್ನಾನ ಮೈ ತೊಳ್ಕಳ್ರಿ ಮೇಷ್ಟ್ರೇ, ಕತ್ತೆನೂ ದೂರ ಹೋಗ್ತೈತೆ,” ಎಂದ.

ಈಗ ಸಂಶಯದ ಮಾತು. ಆ ವಾರ ಮಂದೆಯಲ್ಲಿ ಇನ್ನೊಂದು ಕುರಿಯ ಮರಿ ಸತ್ತಿತ್ತು. ಕಟ್ಟೆಯ ಬಳಿ ಬಂದದ್ದು ಚೊಚ್ಚಲ ಕುರಿಯೋ, ಮರಿ ಕಳೆದುಕೊಂಡ ಆ ಇನ್ನೊಂದೋ? ಎರಡೂ ಬಿಳಿ, ಎರಡಕ್ಕೂ ಕಂದು ತಲೆ. ಮನೆಗೆ ಮರಳಿದ ಮೇಲೆ ಎಷ್ಟೋ ತಿಂಗಳ ನಂತರ ನನಗೆ ಈ ಯೋಚನೆ ಬಂತು. ಹೇಳಿದಾಗ ಹೆಂಡತಿ ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದಳು. “ಹೊಳಲ್ಕೆರೆ ಮರೆತುಹೋಯಿತಾ?” ಎಂದಳು.

ಮರೆತಿರಲಿಲ್ಲ. ಬಸ್ಸಿನಲ್ಲಿ ಒಂದು ಬೆಳಗಿನ ದಾರಿಯನ್ನು ನಾವು ಏಳೋ ಎಂಟೋ ದಿನ ಅವರೊಂದಿಗೆ ನಡೆದೆವು. ಹೊಸದುರ್ಗದ ಬೆಟ್ಟವನ್ನು ಕೆಳಗಿನಿಂದಷ್ಟೇ ನೋಡಿದೆವು; ಹತ್ತಬೇಕೆಂದು ನನಗೆ ನೆನಪೇ ಆಗಲಿಲ್ಲ. ಹೊಳಲ್ಕೆರೆಯ ಹೊರಗೆ ಅವರು ಒಂದು ಹೊಲಕ್ಕೆ ತಿರುಗಬೇಕು, ನಾವು ಬಸ್ಸು ಹಿಡಿಯಬೇಕು, ರಜೆ ಮುಗಿದಿತ್ತು. ಹೆಂಗಸರಿಬ್ಬರೂ ಮಾತು ಮುಗಿಸದೆ ಕೈ ಹಿಡಿದು ನಿಂತಿದ್ದರು. ನನ್ನ ಹೆಂಡತಿ ನೂತ ಗಂಟು ಗಂಟಾದ ದಾರದ ಉಂಡೆಯನ್ನು ಆಕೆ ಇಸಿದುಕೊಂಡು, “ಇದ್ರಾಗೆ ಕಂಬಳಿ ಆಗಲ್ಲ, ಆದ್ರೂ ಇರ್ಲಿ, ನನ್ನತ್ರ ಇರ್ಲಿ,” ಎನ್ನುತ್ತಿದ್ದಳು. ನಾನು ಖಾಲಿ ಚೀಲವನ್ನು ರಸ್ತೆಯ ಬದಿಗೆ ಇಟ್ಟು ಕತ್ತೆಯ ಮೇಲಿನ ಗಂಟು ಬಿಚ್ಚುತ್ತಿದ್ದೆ. ಮಂದೆ ಹೊಲದ ಕಡೆ ಹೊರಳಿತು. ಅದರೊಳಗಿಂದ ಒಂದು ಕುರಿ ಹಿಂದಕ್ಕೆ ಬಂತು. ಅದರ ಪಕ್ಕದಲ್ಲಿ ಮರಿ ಜಿಗಿಯುತ್ತಿತ್ತು. ಕುರಿ ಚೀಲದ ಬಾಯಿಗೆ ಮುಖ ಹಾಕಿತು. ಉದ್ದಕ್ಕೆ ಮೂಸಿತು. ಆಮೇಲೆ, ಪಕ್ಕದಲ್ಲೇ ಮರಿ ಇದ್ದರೂ, ಚೀಲದೊಳಗೆ, ಗಂಟಲಿನ ತಳದಿಂದ, ಆ ಸಣ್ಣ ಗುಡುಗು.

“ನೋಡ್ರಿ, ನನ್ನ ತವ್ರಿನ ಕುರಿಗೆ ನೆಪ್ಪೈತೆ,” ಎಂದಳು ಕುರಿಗಾಹಿಯ ಹೆಂಡತಿ. ಬಗ್ಗಿ ಮರಿಯನ್ನೆತ್ತಿ ನನ್ನ ಮುಖಕ್ಕೆ ಹಿಡಿದಳು. ಕಿವಿಯೊಳಗೆ, ತಾಯಿ ಎಷ್ಟು ನೆಕ್ಕಿದರೂ ಹೋಗದೆ, ನೀಲಿಯ ಒಂದು ಎಳೆ ಇತ್ತು. ನನಗೆ ಎಡಗಿವಿ. ಹೆಂಡತಿಗೆ ಬಲಗಿವಿ. ನೀಲಿ ಇದ್ದದ್ದು ನಿಜ. ನಾನು ಎಳೆದ ಗೀಟು, ಗೂಟಕ್ಕೆ ಕಟ್ಟಿದ್ದ ಅದೇ ಕುರಿಯ ಮರಿ.

ಚಿತ್ರದುರ್ಗದ ಬಸ್ಸು ಬಂತು. ತುಂಬಿತ್ತು. ನಾವು ಹತ್ತಿದ ಕೂಡಲೇ ಮೂರು ಜನರ ಸೀಟಿನಲ್ಲಿದ್ದ ಇಬ್ಬರು ಎದ್ದು ಮುಂದಕ್ಕೆ ಹೋದರು. ಉಳಿದವನು ಮೂಗಿಗೆ ಟವೆಲ್ ಹಿಡಿದು ಕಿಟಕಿಗೆ ಒತ್ತಿ ಕುಳಿತ. ಕಂಡಕ್ಟರ್ ಟಿಕೆಟ್ ಹರಿಯುತ್ತ, “ಏನ್ರೀ ಇದು, ಮಂದೆನೇ ಹತ್ತಿಸ್ಕಂಡು ಬಂದೀರಾ?” ಎಂದ. ನನ್ನ ಹೆಂಡತಿ ಬಸ್ಸು ಹೊಳಲ್ಕೆರೆ ದಾಟುವವರೆಗೂ ನಗುತ್ತಿದ್ದಳು. ನಾನು ತೊಡೆಯ ಮೇಲಿನ ಚೀಲವನ್ನು ಎತ್ತಿ ಮೂಗಿಗೆ ಹಿಡಿದೆ, ಇನ್ನೊಮ್ಮೆ ಹಿಡಿದೆ. ಬಸ್ಸಿನವರಿಗೆಲ್ಲ ಬಂದ ವಾಸನೆ ನನಗೆ ಬರಲಿಲ್ಲ.